‘ನೀವ್ ಮೊದ್ಲು’ ಅನ್ನುವ ಭಾವ

ಮೈಸೂರಿನ ಮರ್ಯಾದೆಯನ್ನೆಲ್ಲ ಒಬ್ಬರೇ ಗುತ್ತಿಗೆ ಹಿಡಿದವರು ಯಾರಾದರೂ ಇದ್ದರೆ ಅದು ನಮ್ಮ ಭಾವ. ಬಾಯಿ ತೆರೆದರೆ ‘ನೀವ್ ಮೊದ್ಲು!’ ಎಂಥ ವಿನಯ ಅಂದುಕೊಂಡಿರಾ? ಬರೀ ಪುಕ್ಕಲುತನ ಕಣ್ರೀ! ಹೊಸದು ಏನೇ ಬರಲಿ, ಇನ್ನೊಬ್ಬರು ಅದನ್ನು ಬಳಸಿ ಬದುಕಿ ಉಳಿಯುವ ತನಕ ಅವರು ಮುಟ್ಟುವುದಿಲ್ಲ.

ವಿಜಯನಗರದ ಅವರ ಮನೆಗೆ ಹೊಸ ಗೀಸರ್ ಬಂದ ದಿನ ‘ಹಿರಿಯರು ಮೊದ್ಲು’ ಎಂದು ನಮ್ಮಮ್ಮನನ್ನು ಸ್ನಾನಕ್ಕೆ ಕಳಿಸಿ, ತಾವು ಮೇನ್ ಸ್ವಿಚ್ ಹತ್ತಿರ ನಿಂತಿದ್ದರು. ಅಮ್ಮ ಹೊರಗೆ ಬಂದು, “ನೀರು ಚೆನ್ನಾಗಿ ಕಾದಿದೆ, ಹೋಗಿ ಅಳಿಯಂದ್ರೇ” ಅಂದರೆ, “ಇನ್ನೊಂದ್ಸಲ ಮಾಡ್ಬುಡ್ತೀರಾ ಅತ್ತೆ?” ಅನ್ನುವುದೇ!

ಇಂಥವರಿಗೆ ಮಗಳು ಹುಟ್ಟಿದಳು, ಅದೂ ತಿಂಗಳು ತುಂಬುವ ಮುಂಚೆಯೇ. ಅವಳಾದರೂ ಯಾರಿಗೂ ಕಾಯಲಿಲ್ಲ, ಸದ್ಯ!

ಡಾಕ್ಟರು ಹೇಳಿದರು: “ಚಳಿಗಾಲ ಬರ್ತಿದೆ. ನಮಗೆಲ್ಲ ಬರೀ ನೆಗಡಿ ತರೋ ವೈರಸ್ಸು ಇಂಥ ಕೂಸಿನ ಎದೆಗಿಳಿದ್ರೆ ಉಸಿರಾಟಕ್ಕೇ ಕಷ್ಟ. ಅದನ್ನ ತಡೆಯೋಕೆ ಹೊಸ ಇಂಜೆಕ್ಷನ್ ಬಂದಿದೆ. ಇಬ್ರೂ ಯೋಚನೆ ಮಾಡಿ ಹೇಳಿ.”

‘ಹೊಸ’ ಅಂದ ಕೂಡಲೇ ಭಾವನ ಮುಖ ಬಿಳಿಚಿಕೊಂಡಿತು.

ಅಕ್ಕ ಅಲ್ಲೇ ‘ಹಾಕಿಸೋಣ’ ಅಂದಳು. ಭಾವ ಮಾತ್ರ ಈಗಾಗಲೇ ಹಾಕಿಸಿಕೊಂಡ ಮಗುವನ್ನು ಹುಡುಕುತ್ತಾ ಊರು ಸುತ್ತಿದರು. ಅಗ್ರಹಾರದಲ್ಲಿ ಒಂದು ಸಿಕ್ಕಿತು. ಅದನ್ನೇ ಕಣ್ಣು ಮಿಟುಕಿಸದೆ ನೋಡಿ, “ಇದು ಯಾವಾಗ್ಲೂ ಹಿಂಗೇ ನಗುತ್ತಾ?” ಎಂದು ಕೇಳಿದರಂತೆ. ಇವರು ಗೇಟು ದಾಟುವಷ್ಟರಲ್ಲಿ ಆ ತಾಯಿ ಮಗುವಿಗೆ ದೃಷ್ಟಿ ತೆಗೆದಳಂತೆ!

ಕೊನೆಗೆ ಅಕ್ಕ ರೇಗಿದಳು. “ರೀ, ನೀವು ಊರೆಲ್ಲ ಕೇಳ್ಕೊಂಡ್ ಬರೋವರೆಗೂ ಆ ಕಾಯಿಲೆ ಹೊಸಿಲಾಚೆ ನಿಂತಿರುತ್ತಾ?” ಅನ್ನುವಾಗ ಅವಳ ದನಿ ನಡುಗಿತು. ಭಾವ ಮಗುವಿನ ಕುಲಾವಿ ಸರಿಮಾಡಿದರು. ಮರುದಿನ ಎಲ್ಲರೂ ಆಸ್ಪತ್ರೆಗೆ ಹೋದೆವು.

ಸಿರಿಂಜ್ ಕಂಡದ್ದೇ ತಡ, ಭಾವ ಶರ್ಟಿನ ತೋಳು ಮಡಚಿ ಮುಂದೆ ನಿಂತರು. “ಡಾಕ್ಟ್ರೇ, ನಾನ್ ಮೊದ್ಲು. ನನಗೆ ಚುಚ್ಚಿ ನೋಡಿ. ಏನಾದ್ರೂ ಆಗೋದಿದ್ರೆ ನನಗಾಗ್ಲಿ.”

ನಾನು ಕಿಸಕ್ಕನೆ ನಕ್ಕುಬಿಟ್ಟೆ. ಡಾಕ್ಟರು ನಗಲಿಲ್ಲ.

“ನಿಮಗೆ ಹಾಕಿದ್ರೆ ಏನೂ ಗೊತ್ತಾಗಲ್ಲ ಸಾರ್. ಇದನ್ನ ಕೂಸುಗಳಿಗೇ ಕೊಟ್ಟು ಪರೀಕ್ಷೆ ಮಾಡಿದ್ದಾರೆ. ಬೇಕಾಗಿರೋದೂ ಅವಳಿಗೇ. ಹಾಕ್ಲಾ?”

ಭಾವ ಅಕ್ಕನ ಮುಖ ನೋಡಿದರು. ತೋಳು ಇಳಿಸಿ, ಕುರ್ಚಿಯಲ್ಲಿ ಕೂತು, ಮಗಳನ್ನು ತೊಡೆಯ ಮೇಲೆ ತೆಗೆದುಕೊಂಡರು.

“ಹಾಕ್ಬುಡಿ.”

ಮಗು ಕಿಟಾರನೆ ಕಿರುಚಿತು. ಭಾವ ಅದನ್ನು ಎದೆಗವಚಿಕೊಂಡು ಅಳುತ್ತಾ ಹೇಳಿದರು:

“ನಿನ್ ಬದ್ಲು ನಾನು ಚುಚ್ಚಿಸ್ಕೊಳಕ್ಕೆ ಆಗಲ್ವಂತೆ ಕಣಮ್ಮ. ಕೇಳ್ದೆ ನಾನು.”