ಎರಡು ಗಂಟೆಯ ವಿಚಾರಣೆ

ನನ್ನಲ್ಲೊಂದು ದುರ್ಗುಣವಿದೆ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎಲ್ಲಿ ಏನು ಎಡವಟ್ಟಾದರೂ ನನ್ನ ಬಾಯಿಂದ ಮೊದಲು ಬರುವ ಮಾತು ‘ಯಾರು ಮಾಡಿದ್ದು?’ ಎಂಬುದೇ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾದರೆ, ಯಾರ ಕಾಲಿಗಾದರೂ ಪೆಟ್ಟಾಯಿತೇ ಎಂದು ಕೇಳುವ ಬುದ್ಧಿ ಬರುವುದು ಆಮೇಲೆ. ಒಮ್ಮೆ ಕುರ್ಚಿಯ ಮೇಲಿದ್ದ ನನ್ನ ಕನ್ನಡಕದ ಮೇಲೆ ನಾನೇ ಕುಳಿತು, ಅದನ್ನು ಅಲ್ಲಿಟ್ಟವರು ಯಾರೆಂದು ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿದ್ದೆ. ‘ನೀವೇ’ ಎಂದಳು ಹೆಂಡತಿ. ‘ಹಾಗಾದರೆ ಕೂತುಕೊಳ್ಳುವಾಗ ನನ್ನನ್ನು ತಡೆಯದವರು ಯಾರು?’ ಎಂದೆ. ಇಂಥವನ ಕೈಗೆ ವಿಚಾರಣೆ ನಡೆಸುವ ಅಧಿಕಾರ ಸಿಕ್ಕಿದರೆ ಹೇಗಿರಬೇಡ!

ಅದು ಸಿಕ್ಕಿದ್ದು ಐವತ್ತರ ದಶಕದ ಕೊನೆಯಲ್ಲಿ, ನಾನು ಮೂಡಬಿದಿರೆಯ ಒಂದು ಬಸ್ ಕಂಪೆನಿಯಲ್ಲಿ ಗುಮಾಸ್ತನಾಗಿದ್ದಾಗ. ಕಂಪೆನಿಯೆಂದರೆ ಮೂರು ಬಸ್ಸು, ಒಬ್ಬರು ಧಣಿಗಳು, ಒಂದು ಮೇಜು ಮತ್ತು ನಾನು. ಶಿರ್ತಾಡಿ, ಅಳದಂಗಡಿಗಳನ್ನು ಹಾದು ಬೆಳ್ತಂಗಡಿಗೆ ಹೋಗುವ ಬಸ್ಸಿಗೆ ಸಂಜೀವಣ್ಣ ಡ್ರೈವರ್, ವಾಸು ಕಂಡಕ್ಟರ್. ಏಳು ವರ್ಷ ಒಟ್ಟಿಗೆ ದುಡಿದವರು, ಒಂದೇ ಬುತ್ತಿ ಬಿಚ್ಚಿ ಉಣ್ಣುವವರು. ಬಸ್ಸಿನ ಒಳಗೆ ಮೇಲ್ಗಡೆ, ಹಿಂದಿನಿಂದ ಮುಂದಿನವರೆಗೂ ಒಂದು ಹಗ್ಗ. ಅದನ್ನು ಎಳೆದರೆ ಸಂಜೀವಣ್ಣನ ತಲೆಯ ಬಳಿ ಗಂಟೆ ಬಾರಿಸುತ್ತಿತ್ತು. ಒಂದು ಗಂಟೆಯೆಂದರೆ ನಿಲ್ಲಿಸು, ಎರಡೆಂದರೆ ಬಿಡು. ಇಷ್ಟು ಸರಳವಾದ ಭಾಷೆಯಲ್ಲಿ ಯಾರಿಗಾದರೂ ತಪ್ಪು ತಿಳಿವಳಿಕೆ ಆಗಲು ಸಾಧ್ಯವೇ ಎಂದು ನಾನು ಬೀಗುತ್ತಿದ್ದೆ. ಗಂಡಹೆಂಡಿರಿಗೂ ಇಂಥದ್ದೊಂದು ಹಗ್ಗವಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮನೆಯಲ್ಲಿ ಹೇಳಿಯೂ ಇದ್ದೆ.

ಒಂದು ಬೆಳಿಗ್ಗೆ ಶಿರ್ತಾಡಿಯ ಹತ್ತಿರ, ಮಡಕೆ ಮಾರುವ ಅಕ್ಕು ಇಳಿಯುತ್ತಿದ್ದಳು. ನಿಧಾನವಾಗುತ್ತಿದ್ದ ಬಸ್ಸು ಏಕಾಏಕಿ ಮುಂದಕ್ಕೆ ನೆಗೆಯಿತು. ಮೆಟ್ಟಿಲ ಮೇಲಿದ್ದ ಅಕ್ಕು ಬುಟ್ಟಿಯ ಸಮೇತ ಕೆಳಗೆ ಬಿದ್ದಳು. ಮಡಕೆಗಳೆಲ್ಲ ಚೂರು, ಎಡಗೈಯ ಮಣಿಕಟ್ಟಿನ ಮೂಳೆ ಬಿರುಕು. ಸಂಜೀವಣ್ಣ, “ಎರಡು ಗಂಟೆ ಕೇಳಿತು, ಬಿಟ್ಟೆ. ಎರಡು ಕೇಳಿದ ಮೇಲೂ ನಿಲ್ಲಿಸುವುದಾ ನಾನು?” ಎಂದ. ವಾಸು, “ದೇವರ ಆಣೆ, ನಾನು ಎಳೆದದ್ದು ಒಂದೇ” ಎಂದ. ಅಂದಿನಿಂದ ಇಬ್ಬರೂ ಬೇರೆ ಬೇರೆ ಮರದ ಕೆಳಗೆ ಕುಳಿತು ಉಣ್ಣತೊಡಗಿದರು.

ಧಣಿಗಳು ನನ್ನನ್ನು ಕರೆದರು. “ಗುಮಾಸ್ತರೇ, ಇಬ್ಬರಲ್ಲಿ ಒಬ್ಬ ಸುಳ್ಳು ಹೇಳ್ತಾನೆ. ಯಾರೆಂದು ನೋಡಿ ಬರೆದು ಕೊಡಿ. ಅವನನ್ನು ಮನೆಗೆ ಕಳಿಸುವ.”

ನನಗೆ ಹಿಗ್ಗೋ ಹಿಗ್ಗು. ಹೊಸ ಪುಸ್ತಕವೊಂದನ್ನು ಹಿಡಿದು ನಾಲ್ಕು ದಿನ ಸಂಜೀವಣ್ಣನ ಬೆನ್ನ ಹಿಂದೆ ಕುಳಿತೆ. ಎಲ್ಲಿ ಎಷ್ಟು ಗಂಟೆ, ಸದ್ದು ಜೋರೋ ಮೆಲ್ಲಗೋ, ಹಗ್ಗ ಎಷ್ಟು ಸಡಿಲ, ಬಣ್ಣ ಯಾವುದು, ಎಲ್ಲವನ್ನೂ ಬರೆದುಕೊಂಡೆ. ವಾಸು ಮೊದಲ ದಿನ ಬೆವರಿದ, ಎರಡನೆಯ ದಿನ ಗಂಟೆ ಹೊಡೆಯುವ ಮುನ್ನ ನನ್ನ ಮುಖ ನೋಡತೊಡಗಿದ, ಮೂರನೆಯ ದಿನ ಹೆದರಿಕೆಯಿಂದ ಹೊಡೆಯುವುದನ್ನೇ ಮರೆತ. ತಪ್ಪಿತಸ್ಥನ ಲಕ್ಷಣವೆಂದರೆ ಇದೇ ಎಂದು ನಾನು ಅಡಿಗೆರೆ ಹಾಕಿದೆ. ಅವನಿಗೆ ಮೂರು ಮಕ್ಕಳಿದ್ದಾರೆಂಬುದು ಗೊತ್ತಿತ್ತು. ಆ ಗೆರೆ ಎಳೆಯುವ ಮುನ್ನ ಅದು ನೆನಪಿಗೂ ಬಂತು. ಆದರೂ ಎಳೆದೆ.

ಇನ್ನು ಉಳಿದದ್ದು ಅಕ್ಕುವಿನ ಹೆಬ್ಬೆಟ್ಟು ಮಾತ್ರ. ಹೇಳಿಕೆಯನ್ನು ನಾನೇ ಬರೆದು ಮುಗಿಸಿ, ಶಾಯಿಯ ಡಬ್ಬಿ ಹಿಡಿದು ಅವಳ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಕುಳಿತಿದ್ದಳು, ಕೈಗೆ ಬಿದಿರ ಸೀಳು ಇಟ್ಟು ಬಟ್ಟೆ ಸುತ್ತಿದ್ದರು.

“ಓದಿ ಹೇಳಿ ಮಾರಾಯ್ರೆ, ಎಂತ ಬರೆದಿದ್ದೀರಿ?” ಎಂದಳು. ಓದಿದೆ.

“ವಾಸು ಎರಡು ಸಲ ಎಳೆದದ್ದಾ? ಇಲ್ಲಪ್ಪ! ಇನ್ನೊಂದು ನಾನು ಎಳೆದದ್ದು.”

ನನ್ನ ಕೈಯಲ್ಲಿದ್ದ ಶಾಯಿ ಪಂಚೆಗೆ ಚೆಲ್ಲಿತು. “ನೀನ್ಯಾಕೆ ಎಳೆದೆ?”

“ಅವನ ಕೈಯಲ್ಲಿ ಚೀಲ ಉಂಟು, ಟಿಕೇಟು ಉಂಟು, ಯಾರದೋ ಕೋಳಿ ಬೇರೆ ಉಂಟು. ಪಾಪ ಅವನಿಗೆ ಯಾಕೆ ಕಷ್ಟ ಅಂತ ನಾನೇ ಒಂದು ಎಳೆದು ಇಳಿಯಲಿಕ್ಕೆ ಹೊರಟೆ.”

“ಇಷ್ಟು ದಿನ ಯಾಕೆ ಹೇಳಲಿಲ್ಲ?”

“ಯಾರು ಕೇಳಿದ್ದು? ನೀವು ಈಗ ಬಂದದ್ದಲ್ಲವಾ, ಅದೂ ಹೆಬ್ಬೆಟ್ಟಿಗೆ!”

ಮರುದಿನ ನಿಂತ ಬಸ್ಸಿನಲ್ಲಿ ಸಂಜೀವಣ್ಣನನ್ನು ಅವನ ಸೀಟಿನಲ್ಲಿ ಕೂರಿಸಿ, ಹಿಂದೆ ನೋಡಬಾರದೆಂದು ಹೇಳಿದೆ. ಹಿಂದಿನ ಬಾಗಿಲಲ್ಲಿ ನಾನು ನಿಂತೆ, ನಡುವೆ ವಾಸು. ಅವನು ಒಂದು ಎಳೆದ, ನಾನು ಒಂದು ಎಳೆದೆ. “ಎಷ್ಟು?” “ಎರಡು.” ಮತ್ತೆ ಮಾಡಿದೆವು. “ಎರಡು. ವಾಸು ಎರಡು ಎಳೆದ” ಎಂದ ಸಂಜೀವಣ್ಣ. “ಈಗ ಹಿಂದೆ ನೋಡು” ಎಂದೆ. ನನ್ನ ಕೈಯೂ ಹಗ್ಗದ ಮೇಲಿದ್ದುದನ್ನು ಅವನು ಬಹಳ ಹೊತ್ತು ನೋಡಿದ. ನಿಲ್ಲಲಿ ಎಂದು ಇಬ್ಬರು ಹೇಳಿದರೆ ಹೋಗು ಎಂದು ಕೇಳಿಸುತ್ತದೆ! ಸುಳ್ಳು ಹೇಳಿದವರು ಒಬ್ಬರೂ ಇಲ್ಲ. “ಗಂಟೆಯ ಮೇಲೆ ಯಾರ ಕೈ ಅಂತ ಬರೆದಿರ್ತದಾ, ವಾಸು” ಎಂದ ಸಂಜೀವಣ್ಣ ಮೆಲ್ಲಗೆ. ಆ ಮಧ್ಯಾಹ್ನ ಒಂದೇ ಮರದ ಕೆಳಗೆ ಬುತ್ತಿ ಬಿಚ್ಚಿತು.

ನನ್ನ ನಾಲ್ಕು ಪುಟದ ವರದಿಯನ್ನು ಧಣಿಗಳು ಎರಡು ಸಲ ಓದಿದರು. “ಹಾಗಾದರೆ ತಪ್ಪು ಯಾರದ್ದು?”

“ಹಗ್ಗದ್ದು.”

“ಹಗ್ಗವನ್ನು ಮನೆಗೆ ಕಳಿಸ್ಲಿಕ್ಕೆ ಆಗ್ತದಾ ಗುಮಾಸ್ತರೇ?”

“ಇನ್ನೂ ಮೇಲೆ ಕಟ್ಟುವ. ಪ್ರಯಾಣಿಕರ ಕೈಗೆ ಎಟುಕದ ಹಾಗೆ. ಗಂಟೆ ಕಂಡಕ್ಟರನಿಗೆ ಮಾತ್ರ.”

ಅಕ್ಕುವಿನ ಔಷಧಿ, ಮಡಕೆಗಳ ಜವಾಬ್ದಾರಿ ಕಂಪೆನಿಯದ್ದಾಯಿತು. ಹಗ್ಗ ಮೇಲೇರಿತು. ಮೊದಲ ದಿನ ನಾನೂ ಹೆಮ್ಮೆಯಿಂದ ಬಸ್ಸು ಹತ್ತಿದೆ. ಶಿರ್ತಾಡಿ ಬಂತು, ಗಂಟೆ ಬರಲಿಲ್ಲ. ತಿರುಗಿ ನೋಡಿದರೆ ವಾಸು ಹಗ್ಗದ ಕೆಳಗೆ ಕುಣಿಯುತ್ತಿದ್ದಾನೆ! ಆಳು ಗಿಡ್ಡ. ನಾಲ್ಕು ದಿನ ಅವನನ್ನೇ ನೋಡಿದ್ದೆ. ಹಗ್ಗದ ಬಣ್ಣ ಬರೆದಿದ್ದೆ, ಅವನ ಎತ್ತರ ಕಣ್ಣಿಗೆ ಬಿದ್ದಿರಲಿಲ್ಲ.

ಸಂಜೆ ದರ್ಜಿಯ ಟೇಪು ತಂದು, ವಾಸುವನ್ನು ನೆಟ್ಟಗೆ ನಿಲ್ಲಿಸಿ ಎತ್ತರ ಅಳೆದೆ. ಬಂದ ಅಂಕಿಯನ್ನು ಗಟ್ಟಿಯಾಗಿ ಓದಿದಾಗ ವಾಸು, ಪಕ್ಕದಲ್ಲಿದ್ದ ಸಂಜೀವಣ್ಣ ಇಬ್ಬರೂ ನಕ್ಕರು. ಅದರ ಪ್ರಕಾರ ವಾಸು ನಮ್ಮ ಮೇಜಿಗಿಂತ ಕುಳ್ಳಗಿದ್ದ.

“ಟೇಪನ್ನು ತಲೆಕೆಳಗೆ ಹಿಡಿದಿದ್ದೀರಿ ಗುಮಾಸ್ತರೇ” ಎಂದ ಸಂಜೀವಣ್ಣ.

ನಾನು ಎರಡು ತುದಿಗಳನ್ನೂ ನೋಡಿದೆ. ಎರಡಕ್ಕೂ ಒಂದೇ ಥರದ ಹಿತ್ತಾಳೆಯ ಪಟ್ಟಿ. ಇಂಥ ಟೇಪು ಮಾಡಿದರೆ ಮನುಷ್ಯನಾದವನು ಏನು ಮಾಡಬೇಕು? ತಪ್ಪು ನನ್ನದಲ್ಲ, ಟೇಪಿನದು ಎಂದು ಪುಸ್ತಕದಲ್ಲಿ ಬರೆದು, ಎರಡು ಅಡಿಗೆರೆ ಹಾಕಿದೆ.