ಎರಡು ಸಿಲಿಂಡರು, ಒಂದು ತವರುಮನೆ

ಇಷ್ಟು ವರ್ಷ ಒಂದೇ ಸೂರಿನಡಿ ಉಂಡುಟ್ಟ ಹೆಂಡತಿಯ ಬಗ್ಗೆ ಇನ್ನು ತಿಳಿಯಲು ಏನೂ ಉಳಿದಿಲ್ಲ ಎಂದು ಯಾವ ಗಂಡಸೂ ನಾಲ್ಕು ಜನರ ಮುಂದೆ ಹೇಳಬಾರದು. ನಾನು ಹೇಳಿದ್ದೆ. ರಬಕವಿಯ ನನ್ನ ಸೀರೆ ಅಂಗಡಿಯ ಗಾದಿಯ ಮೇಲೆ ಕೂತು, ಚಹಾ ಕುಡಿಯುತ್ತ, ಕೇಳದವರಿಗೂ ಕರೆದು ಹೇಳಿದ್ದೆ. ಅದಾದ ವಾರದೊಳಗೆ ನನ್ನ ಹೆಂಡತಿ ಕಸ್ತೂರಿ ರೊಟ್ಟಿ ಬಡಿಯುತ್ತ, ತಲೆಯನ್ನೂ ಎತ್ತದೆ, ತಾನು ನೀರೊಳಗೆ ಮುಳುಗುವುದನ್ನು ಕಲಿಯುವವಳಿದ್ದೇನೆ ಎಂದಳು. ಬಾಯಿಗೆ ಹೋಗುತ್ತಿದ್ದ ತುತ್ತು ಅಲ್ಲೇ ನಿಂತಿತು. ಮುಳುಗುವುದನ್ನೂ ಕಲಿಯಬೇಕೇ? ಈಜು ಬಾರದವರೆಲ್ಲ ಅದನ್ನು ಯಾರೂ ಕಲಿಸದೆಯೇ ಅಚ್ಚುಕಟ್ಟಾಗಿ ಮಾಡುತ್ತಾರೆ. ತಮಾಷೆ ಇರಬೇಕೆಂದು ನಗಲು ಹೋದೆ. ಆಕೆ ನಗಲಿಲ್ಲ. 

ಕಸ್ತೂರಿಯ ತವರು ಬೀಳಗಿ ಕಡೆ, ಹೊಳೆದಂಡೆಯ ಊರು. ಅಣೆಕಟ್ಟಿನ ಹಿನ್ನೀರು ಬಂದಾಗ ಜನ ತೊಲೆ, ಬಾಗಿಲು, ಕಿಟಕಿ ಬಿಚ್ಚಿಕೊಂಡು ಮೇಲಿನ ಹೊಸ ಊರಿಗೆ ಹೋದರು. ಗೋಡೆಯ, ಹೊಸ್ತಿಲಿನ ಕಲ್ಲುಗಳು ಅಲ್ಲೇ ಉಳಿದವು. ಬೇಸಿಗೆಯಲ್ಲಿ ನೀರು ಸರಿದಾಗ ಕೆಲವರ ಊರು ತುಸು ತಲೆ ಎತ್ತುತ್ತದೆ. ಇವರದು ಒಮ್ಮೆಯೂ ಎತ್ತಿಲ್ಲ. ಊರು ಬಿಡುವ ದಿನ ಹೆಣ್ಣುಮಕ್ಕಳೆಲ್ಲ ತವರಿನ ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚಿ, ನಮಸ್ಕಾರ ಮಾಡಿ ಬಂದರಂತೆ. ಇವಳೊಬ್ಬಳು ಹೋಗಲಿಲ್ಲ. ಎರಡನೆಯ ಮಗುವಿನ ಬಾಣಂತಿ. ಹಸಿ ಮೈಯಲ್ಲಿ ಹೊಳೆಗಾಳಿ ಯಾಕೆ ಎಂದು ನಮ್ಮವ್ವ ಬಿಡಲಿಲ್ಲ. ಆ ಹೊಸ್ತಿಲಿಗೆ ಒಮ್ಮೆ ಹಣೆ ಮುಟ್ಟಿಸಬೇಕೆಂಬುದು ಆಕೆಯ ಹೊಟ್ಟೆಯೊಳಗೆ ಅಷ್ಟು ವರ್ಷ ಕೂತಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಗಾದಿಯ ಮೇಲೆ ಕೂತು ಎಂಥ ಮಾತು ಆಡಿದ್ದೆ ನೋಡಿ.

ಇದಕ್ಕೆ ಕುಮ್ಮಕ್ಕು ಕೊಟ್ಟವಳು ಆಕೆಯ ಅಣ್ಣನ ಮಗಳು ಶೈಲಾ. ಕಡಲ ಕಡೆ ಎಲ್ಲೋ ಜನರಿಗೆ ಡೈವಿಂಗ್ ಕಲಿಸುವ ಕೆಲಸ ಅವಳದು. ರಜೆಗೆ ಬಂದವಳು ಜೀಪಿನ ತುಂಬ ಸಾಮಾನು ಹೇರಿಕೊಂಡು ಬಂದಿದ್ದಳು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಸುತ್ತಿ ಅತ್ತೆ ಕಸ್ತೂರಿಯ ಬೆನ್ನು ಹಾಳಾಗಿದೆ, ಬೆನ್ನ ಮೇಲೆ ಭಾರ ಹೊರಲಾಗದು. ಅದಕ್ಕೇ ಸಿಲಿಂಡರುಗಳನ್ನು ಬೆನ್ನಿಗಲ್ಲ, ಎಡಕ್ಕೊಂದು ಬಲಕ್ಕೊಂದು, ಬಗಲಿಗೆ ಸಿಕ್ಕಿಸುವ ಪದ್ಧತಿ ಕಲಿಸುತ್ತೇನೆ ಎಂದಳು. ತೇರದಾಳದ ದಾರಿಯಲ್ಲಿ ನನ್ನ ಗೆಳೆಯನ ಕಬ್ಬಿನ ತೋಟದ ಬಾವಿಯನ್ನು ಕಲಿಕೆಗೆ ಗೊತ್ತುಮಾಡಿದೆವು. ಕರಿ ರಬ್ಬರಿನ ಅಂಗಿ ತೊಟ್ಟು, ಅದರ ಮೇಲೆ ಸೀರೆ ಉಟ್ಟು ಕಸ್ತೂರಿ ಬಾವಿಯ ಕಟ್ಟೆಗೆ ಬಂದಳು. ಸೀರೆ ಕಳಚಿ ನನ್ನ ಕೈಗೆ ಕೊಟ್ಟಳು. ಸೀರೆ ಮಾರಿ ಬದುಕಿದ ನನಗೆ ಅದನ್ನು ಹೇಗೆ ಮಡಚಬೇಕೆಂಬುದು ಮರೆತುಹೋಯಿತು.

ಆದರೂ ಗಂಡಸಲ್ಲವೇ, ಮೊದಲು ನಾನು ಇಳಿದು ನೋಡುತ್ತೇನೆ ಎಂದೆ. ನಮ್ಮ ಕಡೆ ಈಜು ಕಲಿಯುವುದು ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿಕೊಂಡು. ಡಬ್ಬಿ ಕಟ್ಟಿದರೆ ಗುಂಡುಕಲ್ಲಿನಂಥ ಹುಡುಗನೂ ತೇಲುತ್ತಾನೆ. ಇಲ್ಲಿ ಒಂದಲ್ಲ, ಎರಡು ಡಬ್ಬಿ. ಅವುಗಳಲ್ಲಿ ಗಾಳಿ ಬೇರೆ ತುರುಕಿ ತುಂಬಿದೆ. ಇನ್ನೇನು ಭಯ? ಶೈಲಾ ಏನೋ ವಿವರಿಸುತ್ತಿದ್ದಳು. ಸಿಲಿಂಡರುಗಳನ್ನು ನೀರಿಗಿಳಿದ ಮೇಲೆ ಸಿಕ್ಕಿಸಿಕೊಳ್ಳಬೇಕು ಅಂತಲೋ ಏನೋ. ನಾನು ಮೇಲೆಯೇ ಎರಡನ್ನೂ ಹಗ್ಗದಿಂದ ಬಗಲಿಗೆ ಬಿಗಿದುಕೊಂಡು, ಹುಡುಗತನದ ಗತ್ತಿನಲ್ಲಿ ಕಟ್ಟೆಯಿಂದ ಧುಮುಕಿದೆ. ತೇಲುವ ಮಾತೆಲ್ಲಿ ಬಂತು, ನೀರು ನನ್ನನ್ನು ಕೆಳಗೆ ಕೆಳಗೆ ಕರೆದುಕೊಂಡು ಹೋಯಿತು. ಶೈಲಾ ಬಂದು ರಟ್ಟೆ ಹಿಡಿದು ಎಳೆದು ಮೆಟ್ಟಿಲ ಮೇಲೆ ಕೂಡಿಸಿದಳು.

"ಮಾಮಾ, ಇದು ತೇಲಾಕ ಅಲ್ರಿ, ಉಸಿರಾಡಾಕ" ಎಂದಳು.

ಕಸ್ತೂರಿ ನನ್ನ ತಲೆ ಒರೆಸುತ್ತ, "ನಿಮ್ಮ ಮಾಮಾಗ ಕಲಸೂದ ಬ್ಯಾಡವ್ವಾ ಶೈಲಾ, ಅವ್ರು ತಾವ ಮುಳಗತಾರ" ಎಂದಳು.

ತಾನು ಮಾತ್ರ ಕಲಿತಳು. ಮೆಟ್ಟಿಲಿಳಿದು, ನೀರಲ್ಲಿ ನಿಂತು, ಬಗಲಿಗೊಂದೊಂದು ಕೊಡ ಇಟ್ಟುಕೊಂಡಷ್ಟು ಸಹಜವಾಗಿ ಸಿಲಿಂಡರು ಸಿಕ್ಕಿಸಿಕೊಂಡು, ಸದ್ದಿಲ್ಲದೆ ಒಳಗೆ ಹೋಗುತ್ತಿದ್ದಳು. ಒಂದರ ಗಾಳಿ ಸ್ವಲ್ಪ, ಇನ್ನೊಂದರದು ಸ್ವಲ್ಪ, ಹೀಗೆ ಬಾಯಿನಳಿಗೆ ಬದಲಿಸುತ್ತ ಎರಡನ್ನೂ ಸಮ ಮಾಡಬೇಕಂತೆ. ಇಬ್ಬರು ಸೊಸೆಯಂದಿರನ್ನು ಸಂಭಾಳಿಸಿದವಳಿಗೆ ಅದೇನು ಮಹಾ. ಮೇಲೆ ಕೂತ ನನಗೆ ಗುಳ್ಳೆ ಕಂಡರೆ ಜೀವ ಬರುತ್ತಿತ್ತು, ಗುಳ್ಳೆ ತಡವಾದರೆ ಹೋಗುತ್ತಿತ್ತು.

ಕೇಳಬೇಕಾದವರನ್ನೆಲ್ಲ ಕೇಳಿ, ಒಪ್ಪಿಗೆ ಪಡೆದು, ಒಂದು ಮುಂಜಾನೆ ಹಿನ್ನೀರಿಗೆ ದೋಣಿಯಲ್ಲಿ ಹೋದೆವು. ಆಕೆಯ ಅಣ್ಣ ದೂರದ ಗುಡ್ಡ, ಗುಡಿ ನೋಡಿ ಅಂದಾಜಿನ ಮೇಲೆ ದೋಣಿ ನಿಲ್ಲಿಸಿದ. ನೀರು ರಾಡಿ, ಬ್ಯಾಟರಿ ಬೆಳಕೂ ಮೊಳ ದೂರ ಹೋಗದು, ಕೈಯಾಡಿಸಿಯೇ ನೋಡಬೇಕು ಎಂದು ಶೈಲಾ ಮೊದಲೇ ಹೇಳಿದ್ದಳು. ಅರಿಷಿಣ ಕುಂಕುಮ ಕರಗಿ ಹೋಗುತ್ತದೆಂದೂ ಹೇಳಿದ್ದಳು. ಕರಗಿದರೆ ಕರಗಲಿ ಎಂದು ಕಸ್ತೂರಿ ಪೊಟ್ಟಣ ಕಟ್ಟಿಕೊಂಡೇ, ಹಗ್ಗ ಹಿಡಿದು ಶೈಲಾಳ ಜೊತೆ ಇಳಿದಳು. ಸ್ವಲ್ಪ ಹೊತ್ತಿಗೆ ಮೇಲೆ ಬಂದು, ಬಾಯಿಯ ನಳಿಗೆ ತೆಗೆದು, ನಮ್ಮ ಮನೆಯಲ್ಲ, ಗೌಡರ ಮನೆ, ಹೊಸ್ತಿಲಿಗೆ ಹತ್ತುವ ಪಾವಟಿಗೆ ಬಹಳ ಇವೆ ಎಂದು ಅಣ್ಣನನ್ನು ಬೈದಳು. ದೋಣಿ ಸರಿಸಿದೆವು. ಮತ್ತೆ ಮುಳುಗಿದಳು. ಈ ಸಲ ಬಹಳ ಹೊತ್ತಾಯಿತು. ನಾನು ಹೊಳೆಗೂ, ಸತ್ತ ಅತ್ತೆ ಮಾವನಿಗೂ, ಕಂಡ ಕಂಡ ದೇವರಿಗೂ ಕೈ ಮುಗಿದೆ. ಇವಳಿಲ್ಲದ ಮನೆಗೆ ನಾನು ಹೋಗಲಾರೆ ಎಂದು ಖುಲ್ಲಾ ಹೇಳಿಬಿಟ್ಟೆ. ಅಣ್ಣ ಕೇಳಿಸಿಕೊಂಡೂ ಬೇರೆ ಕಡೆ ನೋಡಿದ.

ಮೇಲೆ ಬಂದವಳ ಉಗುರಿನ ತುಂಬ ರಾಡಿ, ಅಂಗೈ ತುಂಬ ಅರಿಷಿಣ.

"ಹೊಸ್ತಿಲಾ ಸಿಕ್ತ್ರಿ" ಎಂದಳು. "ಒಳಗ ಒಳಕಲ್ಲೂ ಐತಿ. ನಮ್ಮವ್ವ ಖಾರ ಕುಟ್ಟೂವಾಗ ಒಂದ ಅಂಚು ಒಡದಿತ್ತು, ಹಂಗ ಐತಿ." ಅಷ್ಟು ಹೇಳಿ ದೋಣಿಯ ಅಂಚು ಹಿಡಿದು ಅತ್ತಳು. ನಾನೂ ಅತ್ತೆ. ನನ್ನ ಕೆನ್ನೆಯದು ಹೊಳೆನೀರೆಂದು ಹೇಳುವಂತಿರಲಿಲ್ಲ, ನಾನು ಒಣಗಿದ್ದೆ.

ಮರುದಿನ ಊಟಕ್ಕೆ ಕೂತಾಗ, ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಎಂದಿನಂತೆ ಗೊಣಗಿದೆ. ಕಸ್ತೂರಿ ಸೌಟು ಕೆಳಗಿಟ್ಟಳು.

"ಬಾಳ ಮಾತಾಡಬ್ಯಾಡ್ರಿ. ನಂಗೂ ತವರ ಮನಿ ಐತಿ, ಹೊಕ್ಕೇನಿ."

ತುತ್ತು ಮತ್ತೆ ನಡುದಾರಿಯಲ್ಲಿ ನಿಂತಿತು. ಮುನಿಸಿಕೊಂಡು ತವರಿಗೆ ಹೋದ ಹೆಂಡತಿಯನ್ನು ಕರೆತರಲು ಬೇರೆ ಗಂಡಂದಿರಿಗೆ ಜಮಖಂಡಿ ಬಸ್ಸು ಸಾಕು. ನಾನು ಉಪ್ಪಿಲ್ಲದ ಸಾರನ್ನು ಸೊರಸೊರ ಕುಡಿದೆ, ಬಹಳ ಛಲೋ ಆಗಿದೆ ಎಂದೆ, ಕೈ ತೊಳೆದವನೇ ಶೈಲಾಳಿಗೆ ಫೋನು ಮಾಡಿ, ನನ್ನ ವಯಸ್ಸಿನವರಿಗೂ ಮುಳುಗುವುದನ್ನು ಕಲಿಸುತ್ತೀಯಾ ಎಂದು ಮೆಲ್ಲಗೆ ಕೇಳಿದೆ.