ಮೆಣಸಗಿಯ ಹತ್ತಿರವೇ ನಿಲ್ಲುವ ಲಾರಿ

ಸಂಶಯ ಪಡುವುದು ನನ್ನ ಹುಟ್ಟುಗುಣವಲ್ಲ. ಅದನ್ನು ನಾನು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಭೌತಶಾಸ್ತ್ರ ಓದಿ, ಪರೀಕ್ಷೆ ಬರೆದು ಸಂಪಾದಿಸಿದೆ. ಆಮೇಲೆ ರೋಣಕ್ಕೆ ಬಂದು ತಂದೆಯ ಕಾಳುಕಡಿ ವ್ಯಾಪಾರಕ್ಕೆ ಕೂತದ್ದರಿಂದ, ಕಲಿತದ್ದನ್ನು ಪ್ರಯೋಗಿಸಲು ನನಗೆ ಸಿಕ್ಕಿದ್ದು ಮನೆಯವರು, ನೆರೆಯವರು ಮತ್ತು ಒಂದು ಹಳೆಯ ಲಾರಿ. ಪಂಚಾಂಗವನ್ನು ನಂಬಲಿಲ್ಲ, ಹಲ್ಲಿಯ ಲೊಚಲೊಚವನ್ನು ನಂಬಲಿಲ್ಲ, ಸಾರಿಗೆ ಉಪ್ಪು ಹಾಕಿದ್ದೇನೆ ಎಂದು ಹೆಂಡತಿ ಹೇಳಿದರೂ ಚಮಚದಲ್ಲಿ ನೆಕ್ಕಿ ನೋಡಿಯೇ ನಂಬಿದೆ. ಸಂಶಯಿಸದೆ ಬಿಟ್ಟದ್ದು ಒಂದನ್ನೇ, ನನ್ನ ನೆನಪನ್ನು. ಅದರಿಂದ ಆದ ಹಾನಿಯನ್ನು ಈಗಲೇ ಹೇಳಿಬಿಡುತ್ತೇನೆ. ತಡಮಾಡಿದರೆ ಅದೂ ಬೇರೆ ಥರ ನೆನಪಾಗುವ ಅಪಾಯವಿದೆ.

ಲಾರಿ ನನ್ನ ತಂದೆಯ ಕಾಲದ್ದು. ಅದನ್ನು ಓಡಿಸುತ್ತಿದ್ದ ಮೌಲಾಸಾಬನೂ ಆ ಕಾಲದವನೇ. ನನಗೆ ಸ್ಟೇರಿಂಗ್ ಹಿಡಿಯುವುದನ್ನು ಕಲಿಸಿದವನೂ ಅವನೇ. ಹೊಳೆ ಕಡೆಯ ಊರುಗಳಲ್ಲಿ ಗೊಬ್ಬರ ಇಳಿಸಿ, ಬರುವಾಗ ಕಡಲೆಯನ್ನೋ ಗೋವಿನಜೋಳವನ್ನೋ ತುಂಬಿಕೊಂಡು ಬರುವುದು ಅವನದೂ ಲಾರಿಯದೂ ಕೆಲಸ. ಡೀಸೆಲ್ ತೋರಿಸುವ ಮುಳ್ಳು ಸತ್ತು ಎಷ್ಟೋ ವರ್ಷವಾಗಿತ್ತು. ಹಾಗಾಗಿ ಮೌಲಾಸಾಬ ಎಲ್ಲಿ ನಿಂತರೂ ಕೆಳಗಿಳಿದು, ಟ್ಯಾಂಕಿನ ಮುಚ್ಚಳ ತೆಗೆದು, ಜೋಳದ ದಂಟೊಂದನ್ನು ಒಳಗೆ ಇಳಿಬಿಟ್ಟು, ಒದ್ದೆಯಾದಷ್ಟನ್ನು ಗೇಣಿನಲ್ಲಿ ಅಳೆದು, ‘ಬಿಸ್ಮಿಲ್ಲಾ’ ಎಂದು ಮುಚ್ಚಳ ತಿರುವಿ ಹತ್ತುತ್ತಿದ್ದ. ಅದು ಅವನ ಅಳತೆ. ನನ್ನ ಕಣ್ಣಿಗೆ ಮಾತ್ರ ಮಂಗಳಾರತಿಯ ಹಾಗೆ ಕಾಣುತ್ತಿತ್ತು.

ಹೋದ ಮಳೆಗಾಲದ ಕೊನೆಗೆ ಲಾರಿಗೆ ಒಂದು ರೋಗ ಹತ್ತಿತು. ಬೆಳಿಗ್ಗೆ ಹತ್ತು ಸಲ ಕೆಮ್ಮಿದ ಮೇಲೆ ಚಾಲೂ ಆಗುವುದು, ಅರ್ಧ ಗಂಟೆ ನೆಟ್ಟಗೆ ಓಡುವುದು, ಆಮೇಲೆ ಬಿಕ್ಕಳಿಸಿ ನಿಂತುಬಿಡುವುದು. ಮೌಲಾಸಾಬ ಇಳಿದು ದಂಟು ಹಾಕಿ ನೋಡಿ, ಎಂಜಿನ್ನಿಗೆ ಡೀಸೆಲ್ ಏರಿಸುವ ಕೈಪಂಪು ನಾಲ್ಕು ಸಲ ಒತ್ತಿದರೆ ಮತ್ತೆ ಹೊರಡುವುದು. ಗಜೇಂದ್ರಗಡದ ಮಿಸ್ತ್ರಿಯ ಬಳಿ ಒಯ್ದೆವು. ಡಾಕ್ಟರನ್ನು ಕಂಡ ಕೂಡಲೇ ನೋವು ಮರೆಯುವ ರೋಗಿಯ ಹಾಗೆ, ಅಲ್ಲಿ ಲಾರಿ ಒಂದು ದಿನವೂ ತಕರಾರು ಮಾಡಲಿಲ್ಲ. ಮಿಸ್ತ್ರಿ ಡೀಸೆಲ್ ಫಿಲ್ಟರ್ ಬದಲಿಸಿದ, ಪೈಪುಗಳನ್ನು ಊದಿ ನೋಡಿದ, ಕೊನೆಗೆ ಲಾರಿಯನ್ನು ಬಿಟ್ಟು ನನ್ನನ್ನು ಸಂಶಯದಿಂದ ನೋಡಿದ.

ಆಗ ನಾನು ನನ್ನ ಓದನ್ನು ಕೆಲಸಕ್ಕೆ ಹಚ್ಚಿದೆ. ದಂಟಿನ ಬೆಂಡು ಉದುರಿ ಡೀಸೆಲ್ಲಿಗೆ ಬೀಳುತ್ತದೆ, ಅದೇ ದಾರಿ ಕಟ್ಟುತ್ತದೆ ಎಂದು ಸಿದ್ಧಾಂತ ಮಂಡಿಸಿದೆ. ಎಷ್ಟು ದೂರ ಓಡಿದರೆ ಎಷ್ಟು ಡೀಸೆಲ್ ಉಳಿಯುತ್ತದೆ ಎಂಬ ಕೋಷ್ಟಕ ಬರೆದು ಗಾಜಿನ ಪಕ್ಕ ಅಂಟಿಸಿ, ಇನ್ನು ದಾರಿಯಲ್ಲಿ ಮುಚ್ಚಳ ಮುಟ್ಟಬಾರದು ಎಂದು ಮೌಲಾಸಾಬನಿಗೆ ತಾಕೀತು ಮಾಡಿದೆ. ಅವನು ಕೋಷ್ಟಕವನ್ನು ಬಹಳ ಹೊತ್ತು ನೋಡಿ, ಅಕ್ಷರ ಚಲೋ ಇದಾವೆ ಎಂದ. ಹೇಳಿದಂತೆಯೇ ನಡೆದುಕೊಂಡ. ಲಾರಿ ಮಾತ್ರ ಈಗ ನಿಂತರೆ ಒಂದು ತಾಸು ಏಳದಾಯಿತು.

ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ. ಲಾರಿ ನಿಂತ ಜಾಗಗಳನ್ನೆಲ್ಲ ನಾನು ಒಂದು ವಹಿಯಲ್ಲಿ ಗುರುತು ಹಾಕುತ್ತಿದ್ದೆ. ಹೆಚ್ಚುಕಡಿಮೆ ಪ್ರತಿಸಲವೂ ಅದು ಹೊಳೆ ದಾರಿಯ ಮೆಣಸಗಿ ಎಂಬ ಊರಿನ ಆಸುಪಾಸಿನಲ್ಲೇ ನಿಂತಿತ್ತು. ಮೆಣಸಗಿಯಲ್ಲಿ ಮೌಲಾಸಾಬನ ಅಕ್ಕ ಹಸೀನಾಬಿಯ ಮನೆಯಿದೆ. ಲಾರಿ ಏಳುವ ತನಕ ಅವನು ಅಲ್ಲಿ ಚಹಾ ಕುಡಿಯುತ್ತಿದ್ದ. ಎರಡು ಸಂಗತಿ ಒಟ್ಟಿಗೆ ಕಂಡವೆಂದು ಒಂದು ಇನ್ನೊಂದಕ್ಕೆ ಕಾರಣವಾಗದು ಎಂದು ನನ್ನ ಪ್ರಾಧ್ಯಾಪಕರು ಗಂಟಲು ಹರಿದುಕೊಂಡು ಹೇಳಿದ್ದರು. ಆ ದಿನ ನಾನು ತರಗತಿಗೆ ಹೋಗಿರಲಿಲ್ಲವೋ ಏನೋ. ವಹಿ ತೆರೆದು ಮೌಲಾಸಾಬನ ಮುಂದಿಟ್ಟೆ, ಲಾರಿಗೆ ನಿನ್ನ ಅಕ್ಕನ ಚಹಾದ ವಾಸನೆ ಹತ್ತುತ್ತದೋ ಎಂದು ಕೇಳಿದೆ. ತಮಾಷೆಗೆ ಕೇಳಿದೆ ಎಂದೇ ನನ್ನ ನೆನಪು. ತಮಾಷೆಯಾಗಿದ್ದರೆ ಅವನು ನಗುತ್ತಿದ್ದ.

‘ಸಾವ್ಕಾರ್ರ, ನಿಮ್ಮಪ್ಪಾರು ಇದರಾಗ ಬಂಗಾರ ಹೇರಿ ಕಳಿಸಿದ್ರೂ ಒಂದ ದಿನ ಎಲ್ಲಿ ನಿಂತಿದ್ದಿ ಅಂತ ಕೇಳಲಿಲ್ರಿ’ ಎಂದ. ಕೀಲಿಯನ್ನು ಅಂಗಡಿಯ ಕಟ್ಟೆಯ ಮೇಲೆ ಸಪ್ಪಳವಾಗದಂತೆ ಇಟ್ಟು ಹೋದ.

ನಾನು ಸೋಲುವವನಲ್ಲ. ನಾಲ್ಕೇ ದಿನಕ್ಕೆ ಗೊಬ್ಬರ ಹೇರಿಕೊಂಡು ನಾನೇ ಲಾರಿ ಹೊಡೆದೆ. ಮಟಮಟ ಮಧ್ಯಾಹ್ನ, ಮೆಣಸಗಿ ಇನ್ನೇನು ಬಂತು ಎನ್ನುವಾಗ ಅದು ಬಿಕ್ಕಳಿಸಿ ನಿಂತಿತು. ಅಂಗಿ ನೆನೆಯುವವರೆಗೆ ಕೈಪಂಪು ಒತ್ತಿದೆ. ಯಾರೋ ಸುದ್ದಿ ಹೇಳಿರಬೇಕು, ಹಸೀನಾಬಿ ಸೆರಗಿನಲ್ಲಿ ಬಿಸಿ ಲೋಟ ಹಿಡಿದುಕೊಂಡು ಬಂದಳು. ಅವಳು ತಂದ ಚಹಾ ಕುಡಿದೆ, ಅದೂ ಚಲೋ ಇತ್ತು.

‘ನಮ್ಮ ತಮ್ಮ ಮೊದಲ ಮುಚ್ಚಳಾ ತಗದು ದಂಟು ಹಾಕಿ ನೋಡತಿದ್ದ. ನೀವು ನೋಡಂಗಿಲ್ಲೇನ್ರಿ?’ ಎಂದಳು.

ಅವಳ ಸಮಾಧಾನಕ್ಕೆಂದು ಮುಚ್ಚಳ ತಿರುವಿದೆ. ಟ್ಯಾಂಕು ‘ಸುಯ್ಯ್’ ಎಂದು ಉದ್ದಕ್ಕೆ ಉಸಿರೆಳೆದುಕೊಂಡಿತು. ಮುಚ್ಚಳವನ್ನು ಮಗುಚಿ ನೋಡಿದರೆ, ಒಳಕ್ಕೆ ಗಾಳಿ ಹೋಗಲೆಂದು ಬಿಟ್ಟ ಸಣ್ಣ ತೂತನ್ನು ಮುಚ್ಚಿ ಸೈಕಲ್ ಟ್ಯೂಬಿನ ರಬ್ಬರನ್ನು ಗುಂಡಗೆ ಕತ್ತರಿಸಿ ಅಂಟಿಸಲಾಗಿತ್ತು. ಡೀಸೆಲ್ ಖರ್ಚಾದಂತೆ ಒಳಗೆ ಗಾಳಿ ಸಾಲದೆ ನಿರ್ವಾತವಾಗುತ್ತದೆ, ಎಂಜಿನ್ನಿಗೆ ಡೀಸೆಲ್ ಏರುವುದಿಲ್ಲ. ರೋಣದಲ್ಲಿ ಟ್ಯಾಂಕು ತುಂಬಿಸಿ ಹೊರಟರೆ ಆ ಹೊತ್ತು ಬರುವುದು ಮೆಣಸಗಿಗೆ. ಡೀಸೆಲ್ ನೋಡಲು ಮುಚ್ಚಳ ತೆಗೆದಾಗಲೆಲ್ಲ ಮೌಲಾಸಾಬ ತನಗೇ ಗೊತ್ತಿಲ್ಲದೆ ಔಷಧ ಕೊಡುತ್ತಿದ್ದ. ಅದನ್ನೇ ನಾನು ನಿಲ್ಲಿಸಿದ್ದೆ; ಆಮೇಲೆ ಸಂದಿಗಳಿಂದ ಗಾಳಿ ಒಳಗೆ ನುಸುಳಲು ಒಂದು ತಾಸು ಬೇಕಾಗುತ್ತಿತ್ತು. ನಿರ್ವಾತ ನಾನು ಅತಿ ಹೆಚ್ಚು ಅಂಕ ಪಡೆದ ಪಾಠ.

ಆದರೂ ಒಂದು ಸಮಾಧಾನವಿತ್ತು. ರಬ್ಬರು ಅಂಟಿಸಿದ್ದು ಮೌಲಾಸಾಬನೇ. ಮಳೆಯ ದಿನ, ಅಂಗಡಿಯ ಮಾಡಿನ ಕೆಳಗೆ ಕುಕ್ಕರಗಾಲಲ್ಲಿ ಕೂತು ಅವನು ಟ್ಯೂಬು ಕತ್ತರಿಸುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದ ಹಾಗಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ‘ಮೌಲಾಸಾಬಲ್ಲ, ನೀವ. ಮಳಿ ನೀರು ಟ್ಯಾಂಕಿನ್ಯಾಗ ಹೊಕ್ಕತೈತಿ ಅಂತ ನನ್ನ ಹೊಲಿಗಿ ಕತ್ತರಿ ಮೊಂಡ ಮಾಡಿದ್ರಿ. ಎರಡ ದಿನ ಅದನ್ನ ಹೇಳಿಕೋತ ತಿರುಗಿದ್ರಿ’ ಎಂದಳು.

ಮರುದಿನವೇ ಗಜೇಂದ್ರಗಡಕ್ಕೆ ಹೋದೆ. ಮೌಲಾಸಾಬ ಅಲ್ಲೊಂದು ಶಾಲೆಯ ಬಸ್ಸು ಓಡಿಸುತ್ತಿದ್ದ. ಶಾಲೆಯ ಗೇಟಿನ ಬಳಿ, ಗಾಳಿ, ಒತ್ತಡ, ಮುಚ್ಚಳದ ರಬ್ಬರು ಎಂದೆಲ್ಲ ಸುತ್ತಿಬಳಸಿ, ಕೊನೆಗೆ ತಪ್ಪು ನನ್ನದು, ತಿರುಗಿ ಬಾ ಎಂದೆ. ನನ್ನ ಮುಖ ನೋಡಲಾಗದೆಯೋ ಏನೋ, ಅವನು ಬಸ್ಸಿನ ಗಾಜು ಒರೆಸತೊಡಗಿದ.

‘ಹೋಗ್ಲಿ ಬಿಡ್ರಿ ಸಾವ್ಕಾರ್ರ, ರಬ್ಬರ ನಾನ ಹಚ್ಚಿದ್ದೆ ಅಂತ ತಿಳಕೋರಿ. ವಯಸ್ಸಾತು, ನನಗೂ ನೆನಪ ಹಾರತೈತಿ’ ಎಂದ. ಆಮೇಲೆ, ‘ಆದ್ರ ಬರಂಗಿಲ್ರಿ. ಅಕ್ಕನ ಮನಿಗೆ ಈಗ ಐತವಾರ ಹೋಗ್ತೀನಿ. ಯಾರೂ ಬರಕೊಳ್ಳಂಗಿಲ್ಲ’ ಎಂದ.

ಆ ಎರಡನೆಯ ಮಾತು ಬಸ್ಸಿನಲ್ಲಿ ರೋಣದವರೆಗೂ ಚುಚ್ಚುತ್ತಲೇ ಇತ್ತು. ಆದ್ದರಿಂದ ನಾನು ಮೊದಲನೆಯ ಮಾತನ್ನೇ ಹಿಡಿದುಕೊಂಡು ಕೂತೆ. ಮನೆ ಮುಟ್ಟುವಷ್ಟರಲ್ಲಿ ಮಾಡಿನ ಕೆಳಗಿನ ಮಳೆ, ಕುಕ್ಕರಗಾಲು, ಟ್ಯೂಬು ಎಲ್ಲ ಮತ್ತೆ ನಿಚ್ಚಳವಾಗಿ ಕಾಣತೊಡಗಿದ್ದವು. ಹೆಂಡತಿಗೆ, ‘ನೋಡು, ಅವನೇ ಒಪ್ಪಿಕೊಂಡ’ ಎಂದೆ. ಹಾಗೆ ಹೇಳುವಾಗ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.